ತಲೆಬುರುಡೆ ತಿದ್ದುವಿಕೆ ಮತ್ತು ಆರೋಗ್ಯ: ಆಂಡೀಸ್ ಕಣಿವೆಯಿಂದ ಗುರುಗ್ರಾಮದ ತೊಟ್ಟಿಲವರೆಗೆ

ಹಸುಗೂಸಿನ ತಲೆಬುರುಡೆ ಇನ್ನೂ ಮೆತ್ತಗಿರುವಾಗಲೇ ಬಟ್ಟೆಪಟ್ಟಿ, ಹಲಗೆ, ದಿಂಬು ಇಲ್ಲವೇ ಅಂಗೈಯಿಂದ ಒತ್ತಿ ಅದನ್ನು ಬೇಕಾದ ಆಕಾರಕ್ಕೆ ತರುವ ರೂಢಿಗೆ ತಲೆಬುರುಡೆ ತಿದ್ದುವಿಕೆ ಎನ್ನುತ್ತಾರೆ. ಮನುಷ್ಯ ನೆಲೆಸಿದ ಎಲ್ಲ ಖಂಡಗಳಲ್ಲೂ ಇದರ ಕುರುಹು ಸಿಕ್ಕಿದೆ. ಅತಿ ಹೆಚ್ಚು ಸಾಕ್ಷಿ ಉಳಿದಿರುವುದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸಾಲಿನಲ್ಲಿ. ಅಲ್ಲಿನ ಒಣ ಹವೆಯಲ್ಲಿ ಸಾವಿರಾರು ಬುರುಡೆಗಳು, ಕೆಲವು ಚರ್ಮ ಕೂದಲುಗಳ ಸಮೇತ, ಕೆಡದೆ ಉಳಿದಿವೆ. ಭಾರತದಲ್ಲಿ ಈ ರೂಢಿಯ ಸೌಮ್ಯ ರೂಪ ಇಂದಿಗೂ ಜೀವಂತವಾಗಿದೆ. ಕರ್ನಾಟಕದ ಎಣ್ಣೆನೀರಿನ ಬಚ್ಚಲಲ್ಲೂ ಅದನ್ನು ಕಾಣಬಹುದು, ದೆಹಲಿಯ ಪಕ್ಕದ ಗುರುಗ್ರಾಮದ ಬಹುಮಹಡಿ ಮನೆಗಳಲ್ಲೂ ಕಾಣಬಹುದು.

ಗುರುಗ್ರಾಮದ ಶೀತಲಾ ಮಾತಾ ಮಂದಿರದಲ್ಲಿ ಮಕ್ಕಳ ಮೊದಲ ಮುಡಿ ತೆಗೆಸುವುದು ಹರಿಯಾಣ, ದೆಹಲಿ, ರಾಜಸ್ಥಾನದ ಕುಟುಂಬಗಳಲ್ಲಿ ಹಳೆಯ ಸಂಪ್ರದಾಯ. ನಾವು ಚೌಲ ಅಥವಾ ಜಾವಳ ಎನ್ನುವುದನ್ನು ಅಲ್ಲಿ ಮುಂಡನ ಎನ್ನುತ್ತಾರೆ. ಚೈತ್ರದಲ್ಲಿ ಮಂದಿರಕ್ಕೆ ಜನಜಾತ್ರೆ ಸೇರುತ್ತದೆ. ಕ್ಷೌರಿಕನ ಕತ್ತಿ ಹಣೆಯಿಂದ ಹಿಂದಕ್ಕೆ ಸರಿಯುತ್ತಿದ್ದಂತೆ ಒದ್ದೆಕೂದಲು ತಾಯಿಯ ಮಡಿಲಿಗೆ ಬೀಳುತ್ತದೆ. ಅದುವರೆಗೆ ಕೂದಲಿನಡಿ ಅಡಗಿದ್ದ ತಲೆಯ ಆಕಾರ ಬೆಳಕಿಗೆ ಬರುತ್ತದೆ. ಹಿಂತಲೆ ಚಪ್ಪಟೆಯೋ ದುಂಡೋ ಎಂದು ಸುತ್ತ ನಿಂತವರು ಆಡಿಕೊಳ್ಳುವುದೂ ಆಗಲೇ. ದುಂಡಗಿದ್ದರೆ ಬಾಣಂತನ ಮಾಡಿದವರಿಗೆ ಮೆಚ್ಚುಗೆ. ಚಪ್ಪಟೆಯಾಗಿದ್ದರೆ ‘ಸಾಸಿವೆ ದಿಂಬು ಇಡಲಿಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ.

ಸಾಸಿವೆ ದಿಂಬು ಎಂದರೆ ಉತ್ತರ ಭಾರತದ ‘ರಾಯಿ ಕಾ ತಕಿಯಾ’. ಅಂಗೈಯಗಲದ ಹತ್ತಿಬಟ್ಟೆಯ ಚೀಲವನ್ನು ಸಾಸಿವೆಕಾಳಿನಿಂದ ಮುಕ್ಕಾಲು ತುಂಬಿ ಹೊಲಿಯುತ್ತಾರೆ. ಮಗು ತಲೆಯಿಟ್ಟ ಕಡೆ ಕಾಳು ಪಕ್ಕಕ್ಕೆ ಸರಿದು ಗುಳಿ ಬೀಳುತ್ತದೆ, ಭಾರ ಒಂದೇ ಬಿಂದುವಿನ ಮೇಲೆ ನಿಲ್ಲುವುದಿಲ್ಲ. ದಕ್ಷಿಣ ಹರಿಯಾಣ ಸಾಸಿವೆಯ ಸೀಮೆ. ರೇವಾಡಿ, ಮಹೇಂದ್ರಗಢದ ಕಡೆ ಚಳಿಗಾಲದಲ್ಲಿ ಹೊಲಕ್ಕೆ ಹೊಲವೇ ಹಳದಿಯಾಗಿರುತ್ತದೆ. ಅಜ್ಜಿಯರು ಡಬ್ಬಿಯಿಂದ ಕಾಳು ತೆಗೆದು ಹೊಲಿಯುತ್ತಿದ್ದ ಈ ದಿಂಬು ಈಗ ಬೊಂಬೆಚಿತ್ರ ಮುದ್ರಿಸಿದ ಹೊದಿಕೆ ತೊಟ್ಟು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಮಾರಾಟವಾಗುತ್ತದೆ. ನಗರದ ಕುಟುಂಬಗಳು ಹೆರಿಗೆಯ ನಂತರ ನಲವತ್ತು ದಿನಕ್ಕೆಂದು ನೇಮಿಸಿಕೊಳ್ಳುವ ‘ಜಾಪಾ’ ಕೆಲಸದ ಹೆಂಗಸರು ಮಾಲೀಶಿನ ಜೊತೆಗೆ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಮಗುವಿನ ತಲೆಯನ್ನು ಮೆಲ್ಲಗೆ ತಟ್ಟುತ್ತಾರೆ. ಬಾಣಂತನಕ್ಕೆಂದು ಊರಿನಿಂದ ಗುರುಗ್ರಾಮಕ್ಕೆ ಬರುವ ಕನ್ನಡದ ಅಜ್ಜಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ನೆತ್ತಿಗೆ ಹರಳೆಣ್ಣೆ ತಟ್ಟುವುದು, ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಾ ಹಣೆ ಸವರುವುದು, ಮೂಗು ನೀವುವುದು, ಹಿಂತಲೆ ದುಂಡಗೆ ಬರಲೆಂದು ಒತ್ತುವುದು ಅವಳ ಕೈಗೆ ಒಗ್ಗಿದ ಕೆಲಸಗಳೇ.

ಆಂಡೀಸಿನ ತಾಯಂದಿರು ಮಾಡಿದ್ದೂ ಮೂಲದಲ್ಲಿ ಇದೇ ಕೆಲಸ. ವ್ಯತ್ಯಾಸವಿರುವುದು ಒತ್ತಡದ ಪ್ರಮಾಣದಲ್ಲಿ, ಕಾಲಾವಧಿಯಲ್ಲಿ, ಮತ್ತು ಆ ಆಕಾರಕ್ಕೆ ಸಮಾಜ ಕೊಟ್ಟ ಅರ್ಥದಲ್ಲಿ.

ಮೂಳೆ ಬಗ್ಗುವುದು ಹೇಗೆ

ನವಜಾತ ಶಿಶುವಿನ ಬುರುಡೆ ಒಂದೇ ಚಿಪ್ಪಲ್ಲ. ಹಲವು ತೆಳು ಫಲಕಗಳು ನಾರಿನಂಥ ಅಂಗಾಂಶದ ಹೊಲಿಗೆಗಳಿಂದ ಕೂಡಿಕೊಂಡಿರುತ್ತವೆ. ಫಲಕಗಳ ಮೂಲೆಗಳು ಸೇರುವಲ್ಲಿ ಮೆತ್ತನೆಯ ತೆರಪು ಇರುತ್ತದೆ, ಅದೇ ಎಳೆನೆತ್ತಿ. ಹಿಂದಿನದು 2–3 ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಮುಂದಿನದಕ್ಕೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಹುಟ್ಟುವಾಗ ಸುಮಾರು 34 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ವರ್ಷ ತುಂಬುವಷ್ಟರಲ್ಲಿ 45ರ ಹತ್ತಿರ ಬರುತ್ತದೆ. ಹೀಗೆ ಹಿಗ್ಗಿಸುವುದು ಒಳಗೆ ಬೆಳೆಯುತ್ತಿರುವ ಮಿದುಳು. ಒಂದು ದಿಕ್ಕಿನಲ್ಲಿ ತಡೆಯೊಡ್ಡಿದರೆ ಅದು ತಡೆಯಿಲ್ಲದ ಕಡೆಗೆ ಬೆಳೆಯುತ್ತದೆ. ಕುಂಡದ ಬಳ್ಳಿಗೆ ಕಡ್ಡಿ ನೆಟ್ಟ ಹಾಗೆ, ಆಕಾರ ಬದಲಾಗುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ.

ಬುರುಡೆಯ ಗಾತ್ರವನ್ನು ನಿರ್ಧರಿಸುವುದು ಮಿದುಳಿನ ಬೆಳವಣಿಗೆಯೇ ಎಂಬುದಕ್ಕೆ ಗುರುಗ್ರಾಮದ ಹಳೆಯ ಪ್ರಾಂತ್ಯದಲ್ಲೇ ಒಂದು ನೋವಿನ ಉದಾಹರಣೆಯಿದೆ. 1947ರವರೆಗೆ ಗುಡಗಾಂವ್ ಜಿಲ್ಲೆಯೂ ಈಗ ಪಾಕಿಸ್ತಾನದಲ್ಲಿರುವ ಗುಜರಾತ್ ಜಿಲ್ಲೆಯೂ ಒಂದೇ ಪಂಜಾಬ್ ಪ್ರಾಂತ್ಯಕ್ಕೆ ಸೇರಿದ್ದವು. ಆ ಗುಜರಾತ್ ಪಟ್ಟಣದಲ್ಲಿ 17ನೇ ಶತಮಾನದ ಸೂಫಿ ಸಂತ ಶಾ ದೌಲಾ ಅವರ ದರ್ಗಾ ಇದೆ. ಅತಿ ಸಣ್ಣ ತಲೆಯೊಂದಿಗೆ ಹುಟ್ಟಿದ ಮಕ್ಕಳನ್ನು ಅಲ್ಲಿಗೆ ಒಪ್ಪಿಸುವ ವಾಡಿಕೆಯಿತ್ತು; ಅವರನ್ನು ‘ಶಾ ದೌಲಾನ ಇಲಿಗಳು’ ಎಂದು ಕರೆದರು. ಕಬ್ಬಿಣದ ಟೊಪ್ಪಿಗೆ ತೊಡಿಸಿ ಬೇಕೆಂದೇ ತಲೆ ಕುಗ್ಗಿಸುತ್ತಾರೆ ಎಂಬ ಮಾತು ಬ್ರಿಟಿಷರ ಕಾಲದಿಂದ ಹರಡಿತು. ವೈದ್ಯಕೀಯ ಅಧ್ಯಯನಗಳು ಬೆರಳು ತೋರಿದ್ದು ಬೇರೆ ಕಡೆಗೆ: ವಂಶವಾಹಿಯ ದೋಷದಿಂದ ಮಿದುಳೇ ಬೆಳೆಯದಿರುವ ಸ್ಥಿತಿ, ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಕಾಣಿಸುವಂಥದ್ದು. ಮಿದುಳು ಬೆಳೆಯದಿದ್ದುದರಿಂದ ಬುರುಡೆ ಸಣ್ಣದಾಯಿತು, ಬುರುಡೆಯನ್ನು ಬಿಗಿದದ್ದರಿಂದ ಅಲ್ಲ. ಆ ಮಕ್ಕಳನ್ನು ಭಿಕ್ಷೆಗೆ ಬಳಸಿಕೊಂಡದ್ದು ಮಾತ್ರ ನಿಜವಾದ ಅನ್ಯಾಯ. 1960ರ ದಶಕದಲ್ಲಿ ಪಾಕಿಸ್ತಾನ ಸರ್ಕಾರ ದರ್ಗಾದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು.

ಆಂಡೀಸಿನ ತಲೆಗಳು

ಪೆರು, ಬೊಲಿವಿಯಾ ಮತ್ತು ಉತ್ತರ ಚಿಲಿಯಲ್ಲಿ ಮುಖ್ಯವಾಗಿ ಎರಡು ವಿಧಾನಗಳಿದ್ದವು. ಒಂದರಲ್ಲಿ ನೇಯ್ದ ಪಟ್ಟಿಯನ್ನು ಹಣೆಯಿಂದ ಹಿಂತಲೆಗೆ ಉಂಗುರದಂತೆ ಸುತ್ತಿ ಬಿಗಿಯುತ್ತಿದ್ದರು. ತಲೆ ಮೇಲಕ್ಕೂ ಹಿಂದಕ್ಕೂ ಕೊಳವೆಯಂತೆ ಉದ್ದವಾಗುತ್ತಿತ್ತು. ಇನ್ನೊಂದರಲ್ಲಿ ಹಣೆಗೂ ಹಿಂತಲೆಗೂ ಹಲಗೆ ಅಥವಾ ಮೆತ್ತೆ ಕಟ್ಟುತ್ತಿದ್ದರು. ತಲೆ ಮುಂದೆ ಹಿಂದೆ ಚಪ್ಪಟೆಯಾಗಿ ಪಕ್ಕಗಳಿಗೆ ಹರಡುತ್ತಿತ್ತು. ಹುಟ್ಟಿದ ಕೆಲವೇ ವಾರಗಳಲ್ಲಿ ಆರಂಭಿಸಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿಯೂ ಕಟ್ಟನ್ನು ಮುಂದುವರಿಸುತ್ತಿದ್ದರು. ಮಗು ಬೆಳೆದಂತೆ ಆಗಾಗ ಬಿಚ್ಚಿ, ಸಡಿಲಿಸಿ, ಮತ್ತೆ ಕಟ್ಟಬೇಕಿತ್ತು. ಇದಕ್ಕೆ ತಾಳ್ಮೆಯೂ ಬೇಕು, ನುರಿತ ಕೈಯೂ ಬೇಕು.

ಪೆರುವಿನ ದಕ್ಷಿಣ ಕರಾವಳಿಯ ಪರಾಕಾಸ್‌ನಲ್ಲಿ 1920ರ ದಶಕದಲ್ಲಿ ಪುರಾತತ್ವಜ್ಞ ಹೂಲಿಯೋ ಸಿ. ತೆಯ್ಯೊ ನಡೆಸಿದ ಉತ್ಖನನದಲ್ಲಿ ಕಸೂತಿ ಬಟ್ಟೆಗಳಲ್ಲಿ ಸುತ್ತಿದ 400ಕ್ಕೂ ಹೆಚ್ಚು ಹೆಣಗಂಟುಗಳು ಸಿಕ್ಕವು. ಅವುಗಳೊಳಗಿನ ನೀಳ ಬುರುಡೆಗಳೇ ಇಂದು ಅಂತರ್ಜಾಲದಲ್ಲಿ ‘ಅನ್ಯಗ್ರಹದವರ ತಲೆ’ಗಳೆಂದು ಹರಿದಾಡುತ್ತಿರುವುದು. ಈ ಮಾತನ್ನು ಇಲ್ಲಿಯೇ ಸ್ಪಷ್ಟವಾಗಿ ಅಲ್ಲಗಳೆಯಬೇಕು. ಅವು ಮನುಷ್ಯರ ಬುರುಡೆಗಳು, ಅವುಗಳ ಮೇಲೆ ಪಟ್ಟಿ ಬಿಗಿದ ಗುರುತುಗಳೂ ಇವೆ. ತಮ್ಮ ಕೂಸಿನ ತಲೆಯನ್ನು ತಿಂಗಳುಗಟ್ಟಲೆ ಜೋಪಾನವಾಗಿ ಕಟ್ಟಿ ಬಿಚ್ಚಿದ ತಾಯಂದಿರ ಶ್ರಮವನ್ನು ಬೇರೆ ಗ್ರಹಕ್ಕೆ ಒಪ್ಪಿಸುವುದು ಆ ಜನರಿಗೆ ಮಾಡುವ ಅವಮಾನ.

ದಕ್ಷಿಣ ಪೆರುವಿನ ಕೋಲ್ಕಾ ಕಣಿವೆಯ ಬಗ್ಗೆ ಬರಹದ ಸಾಕ್ಷಿಯೂ ಇದೆ. 1586ರಲ್ಲಿ ಸ್ಪೇನಿನ ಅಧಿಕಾರಿ ಹುವಾನ್ ದೆ ಉಯ್ಯೋವ ಮೊಗೊಯ್ಯೋನ್ ಬರೆದ ವರದಿಯ ಪ್ರಕಾರ ಕಣಿವೆಯಲ್ಲಿ ಎರಡು ಜನಾಂಗಗಳಿದ್ದವು. ಕೊಲ್ಯಾಗುವಾಗಳು ತಾವು ಹುಟ್ಟಿಬಂದದ್ದು ಕೊಲ್ಯಾಗುವಾಟಾ ಎಂಬ ಜ್ವಾಲಾಮುಖಿಯಿಂದ ಎಂದು ನಂಬಿ, ಮಕ್ಕಳ ತಲೆಯನ್ನು ಆ ಬೆಟ್ಟದಂತೆ ನೀಳವಾಗಿ ಮಾಡುತ್ತಿದ್ದರು. ಪಕ್ಕದ ಕವಾನಾಗಳ ತಲೆ ಅಗಲ ಮತ್ತು ಚಪ್ಪಟೆ. ತಲೆ ನೋಡಿದರೆ ಊರು ಗೊತ್ತಾಗುತ್ತಿತ್ತು. ಬಟ್ಟೆಯನ್ನೂ ಮಾತನ್ನೂ ಬದಲಾಯಿಸಬಹುದು, ತಲೆಯ ಆಕಾರವನ್ನು ಸಾಯುವವರೆಗೂ ಬದಲಾಯಿಸಲಾಗದು. ಸ್ಪೇನಿನ ಆಡಳಿತ 16ನೇ ಶತಮಾನದಲ್ಲೇ ಈ ರೂಢಿಯನ್ನು ನಿಷೇಧಿಸಿತು.

ಬುರುಡೆಯಲ್ಲಿ ಆರೋಗ್ಯವನ್ನು ಓದುವುದು

ಕಟ್ಟು ಬಿಗಿದದ್ದರಿಂದ ಮಕ್ಕಳ ಆರೋಗ್ಯ ಕೆಟ್ಟಿತೇ? ತಿದ್ದಿದ ಬುರುಡೆಗಳ ಒಳಗಿನ ಗಾತ್ರ ತಿದ್ದದವುಗಳಷ್ಟೇ ಇರುವುದು ಸಾಮಾನ್ಯ. ಮಿದುಳಿಗೆ ಜಾಗ ಕಡಿಮೆಯಾಗಲಿಲ್ಲ. ಹೊಲಿಗೆಗೆರೆಗಳ ನಡುವೆ ಹೆಚ್ಚುವರಿ ಪುಟ್ಟ ಮೂಳೆಗಳು, ಒಳಗೋಡೆಯಲ್ಲಿ ರಕ್ತನಾಳಗಳ ದಾರಿ ಬದಲಾಗಿರುವುದು ಕಂಡುಬರುತ್ತವೆ; ಇವು ಕಾಯಿಲೆಯಲ್ಲ. ಆದರೆ ಮೆತ್ತೆ ಒತ್ತಿದ ಜಾಗದಲ್ಲಿ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗಿ, ಸೋಂಕು ಮೂಳೆಯವರೆಗೂ ಇಳಿಯುವ ಅಪಾಯವಿತ್ತು. ಹಾಸಿಗೆ ಹಿಡಿದ ರೋಗಿಯ ಬೆನ್ನಿಗೆ ಆಗುವ ಹುಣ್ಣಿನಂಥದ್ದೇ ಇದು. ಉತ್ತರ ಅಮೆರಿಕದ ನೈರುತ್ಯ ಭಾಗದಲ್ಲಿ ಗಟ್ಟಿ ಹಲಗೆಯ ತೊಟ್ಟಿಲಿಗೆ ಬಿಗಿದು ಬೆಳೆಸಿದ ಶಿಶುಗಳ ಹಿಂತಲೆಯ ಮೂಳೆಯಲ್ಲಿ ಇಂಥ ಗುರುತುಗಳನ್ನು ಸಂಶೋಧಕರು ವಿವರಿಸಿದ್ದಾರೆ. ಮೂಳೆಯ ಮೇಲೆ ಅಷ್ಟು ಗುರುತು ಉಳಿಯಬೇಕಾದರೆ ಆ ಕೂಸು ಎಷ್ಟು ಅತ್ತಿರಬೇಕು ಎಂಬುದನ್ನು ವಸ್ತುಸಂಗ್ರಹಾಲಯದ ಚೀಟಿ ಹೇಳುವುದಿಲ್ಲ.

ಆಂಡೀಸಿನ ಮಕ್ಕಳ ಆರೋಗ್ಯದ ಮುಖ್ಯ ದಾಖಲೆ ಇರುವುದು ತಲೆಯ ಆಕಾರದಲ್ಲಲ್ಲ, ಕಣ್ಣುಗುಳಿಯ ಮೇಲ್ಛಾವಣಿಯಲ್ಲಿ. ಅಲ್ಲಿಯೂ ನೆತ್ತಿಯ ಮೂಳೆಗಳ ಮೇಲೂ ಜರಡಿಯಂತೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಬೆಳೆಯುವ ಮಗುವಿಗೆ ರಕ್ತಹೀನತೆಯಾದಾಗ ಮೂಳೆಯೊಳಗಿನ ಮಜ್ಜೆ ಹೆಚ್ಚು ರಕ್ತಕಣ ತಯಾರಿಸಲು ಉಬ್ಬುತ್ತದೆ, ಹೊರಪದರ ತೆಳುವಾಗಿ ರಂಧ್ರ ಬೀಳುತ್ತದೆ. ಇದಕ್ಕೆ ಒಂದೇ ಕಾರಣವಿಲ್ಲ. ಕಬ್ಬಿಣಾಂಶದ ಕೊರತೆ, ಬಿ12 ಜೀವಸತ್ವದ ಕೊರತೆ, ಜಂತುಹುಳು, ಪದೇ ಪದೇ ಬರುವ ಅತಿಸಾರ ಒಂದರ ಮೇಲೊಂದು ಕೂಡಿ ಹೀಗಾಗುತ್ತದೆ. ಹಲ್ಲಿನ ಎನಾಮೆಲಿನ ಮೇಲೆ ಬೀಳುವ ಅಡ್ಡಗೆರೆಗಳು ಬಾಲ್ಯದಲ್ಲಿ ಬೆಳವಣಿಗೆ ನಿಂತ ತಿಂಗಳುಗಳನ್ನು ತೋರಿಸುತ್ತವೆ. ನೀಳತಲೆಯ ಬುರುಡೆಯನ್ನು ಕಂಡ ಪ್ರವಾಸಿ ಅದರ ಉದ್ದವನ್ನು ನೋಡಿ ಬೆರಗಾಗುತ್ತಾನೆ. ಆ ಮಗು ಉಂಡಿತ್ತೋ ಹಸಿದಿತ್ತೋ ಎಂಬುದು ಬರೆದಿರುವುದು ಅವನು ಬಗ್ಗಿ ನೋಡದ ಆ ಕಣ್ಣುಗುಳಿಯಲ್ಲಿ.

ಆಕಾರಕ್ಕೂ ಆರೋಗ್ಯಕ್ಕೂ ನಂಟು ಇರುವುದು ಸಮಾಜದ ಮೂಲಕ. ಕೋಲ್ಕಾ ಕಣಿವೆಯ ಕೊಲ್ಯಾಗುವಾ ಗೋರಿಗಳ 211 ಬುರುಡೆಗಳನ್ನು ಪರೀಕ್ಷಿಸಿದ ಪುರಾತತ್ವಜ್ಞ ಮ್ಯಾಥ್ಯೂ ವೆಲಾಸ್ಕೊ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಕಾಣುತ್ತದೆ. 1300ಕ್ಕಿಂತ ಮೊದಲು ತಿದ್ದಿದ ತಲೆಗಳು ಸುಮಾರು ಶೇ. 39 ಇದ್ದರೆ, ಇಂಕಾ ಆಳ್ವಿಕೆ ಬರುವ ಮುಂಚಿನ ಒಂದೂವರೆ ಶತಮಾನದಲ್ಲಿ ಸುಮಾರು ಶೇ. 74ಕ್ಕೆ ಏರಿದವು, ಅದೂ ಬಹುಮಟ್ಟಿಗೆ ಒಂದೇ ನೀಳ ಮಾದರಿಯಲ್ಲಿ. ತಲೆ ತಿದ್ದಿದ ಹೆಂಗಸರ ಬುರುಡೆಗಳಲ್ಲಿ ಪೆಟ್ಟಿನ ಗಾಯ ಕಡಿಮೆ, ಅವರ ಆಹಾರವೂ ಹೆಚ್ಚು ವೈವಿಧ್ಯದ್ದು. ಎಂದರೆ ಆ ಆಕಾರ ಅವರನ್ನು ಮೇಲಿನ ಸ್ಥಾನಕ್ಕೆ ಒಯ್ದಿತ್ತು, ಮೇಲಿನ ಸ್ಥಾನ ಊಟವನ್ನೂ ರಕ್ಷಣೆಯನ್ನೂ ಕೊಟ್ಟಿತ್ತು. ಉತ್ತರಕ್ಕಿರುವ ಆಂದವೈಲಾಸ್ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ. ಸುಮಾರು ಕ್ರಿ.ಶ. 1000ದಲ್ಲಿ ವಾರಿ ಸಾಮ್ರಾಜ್ಯ ಕುಸಿದ ಮೇಲೆ ಅಲ್ಲಿ ತಲೆ ಕಟ್ಟುವ ರೂಢಿ ಹೊಸದಾಗಿ ಹಬ್ಬಿತು, ತಿದ್ದಿದ ತಲೆಗಳ ಮೇಲೆಯೇ ಹೆಚ್ಚು ಹೊಡೆತದ ಗುರುತುಗಳು ಸಿಗುತ್ತವೆ. ಗುರುತಿಟ್ಟು ಕೊಲ್ಲಲು ಅದೇ ಆಕಾರ ಅನುಕೂಲವಾಯಿತು. ಒಂದೇ ಪಟ್ಟಿ ಒಂದು ಕಣಿವೆಯಲ್ಲಿ ಕವಚವಾಯಿತು, ಇನ್ನೊಂದರಲ್ಲಿ ಗುರಿಹಲಗೆಯಾಯಿತು. ತಾಯಿ ಕಟ್ಟುವಾಗ ಇದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ.

ಒಡೆದ ತಲೆಗಳಿಗೆ ಆಂಡೀಸಿನವರು ಚಿಕಿತ್ಸೆಯನ್ನೂ ಮಾಡುತ್ತಿದ್ದರು. ಬುರುಡೆ ಕೊರೆದು ಮುರಿದ ಚೂರು ತೆಗೆಯುವ ಶಸ್ತ್ರಕ್ರಿಯೆಯಲ್ಲಿ ಇಂಕಾ ಕಾಲದ ಹೊತ್ತಿಗೆ ಸಾವಿನ ಪ್ರಮಾಣ ಶೇ. 17ರಿಂದ 25ಕ್ಕೆ ಇಳಿದಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಇದೇ ಬಗೆಯ ಶಸ್ತ್ರಕ್ರಿಯೆಗೊಳಗಾದ ಸೈನಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದರು. ಭಾರತದಲ್ಲೂ ಕಾಶ್ಮೀರದ ಬುರ್ಜಹೋಮ್‌ನಲ್ಲಿ 4000 ವರ್ಷಗಳಿಗೂ ಹಿಂದಿನ, ಹಲವೆಡೆ ಕೊರೆದ ಬುರುಡೆಯೊಂದು ಸಿಕ್ಕಿದೆ. ಕೊರೆಯುವುದೂ ತಿದ್ದುವುದೂ ಬೇರೆ ಬೇರೆ, ಎರಡನ್ನೂ ಕಲೆಸಬಾರದು.

ಹೂಣರ ನಾಣ್ಯ, ರಿಸ್ಲಿಯ ಅಳತೆಗೋಲು

ಭಾರತದ ಇತಿಹಾಸದಲ್ಲಿ ಬಿಗಿದು ತಿದ್ದಿದ ತಲೆಗಳು ಎದ್ದು ಕಾಣುವುದು ನಾಣ್ಯಗಳ ಮೇಲೆ. ಐದನೇ ಶತಮಾನದಲ್ಲಿ ವಾಯವ್ಯದಿಂದ ಬಂದ ಅಲ್ಖಾನ್ ಹೂಣರ ದೊರೆ ಖಿಂಗಿಲನ ಬೆಳ್ಳಿ ನಾಣ್ಯದಲ್ಲಿ ಅವನ ತಲೆ ಹಣೆಯಿಂದ ಹಿಂದಕ್ಕೆ ಓರೆಯಾಗಿ ಏರಿ ಗೋಪುರದಂತಿದೆ. ಕೆತ್ತಿದವನು ಅದನ್ನು ಮರೆಮಾಚಲಿಲ್ಲ, ಎತ್ತಿ ತೋರಿಸಿದ್ದಾನೆ. ಅದು ರಾಜಕಳೆಯ ಗುರುತಾಗಿತ್ತು. ಇದೇ ಹೂಣರ ಇನ್ನೊಬ್ಬ ದೊರೆ ತೋರಮಾಣನ ಹೆಸರು ಮಧ್ಯಪ್ರದೇಶದ ಏರಣದ ವರಾಹಮೂರ್ತಿಯ ಮೇಲಿನ ಶಾಸನದಲ್ಲಿದೆ, ಅವನ ಮಗ ಮಿಹಿರಕುಲನದು ಗ್ವಾಲಿಯರ್ ಶಾಸನದಲ್ಲಿದೆ. ಹೂಣರ ಬುಡಕಟ್ಟುಗಳು ಮಧ್ಯ ಏಷ್ಯಾದಿಂದ ಯೂರೋಪಿನವರೆಗೆ ಈ ರೂಢಿಯನ್ನು ಹೊತ್ತೊಯ್ದವು. ಅದಕ್ಕೂ ಸುಮಾರು ಎಂಟು ಶತಮಾನ ಹಿಂದೆಯೇ ಹಿಪ್ಪೊಕ್ರಟೀಸನ ಹೆಸರಿನ ಗ್ರೀಕ್ ಗ್ರಂಥವೊಂದು ‘ನೀಳತಲೆಯವರ’ ಬಗ್ಗೆ ಬರೆದಿತ್ತು. ಫ್ರಾನ್ಸಿನ ತುಲೂಸ್ ಸುತ್ತ ಹಳ್ಳಿಗರು 19ನೇ ಶತಮಾನದಲ್ಲೂ, ಕಾಂಗೋದ ಮಂಗ್‌ಬೆಟು ಜನರು 20ನೇ ಶತಮಾನದ ನಡುವಿನವರೆಗೂ ಮಕ್ಕಳ ತಲೆ ಕಟ್ಟುತ್ತಿದ್ದರು.

ವಿಜ್ಞಾನವೂ ಈ ತಲೆಗಳ ಮುಂದೆ ಎಡವಿದೆ. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯಲ್ ಮಾರ್ಟನ್ 1839ರ ತನ್ನ ಗ್ರಂಥದಲ್ಲಿ ಪೆರುವಿನ ನೀಳ ಬುರುಡೆಗಳನ್ನು ಹುಟ್ಟಿನಿಂದಲೇ ಹಾಗಿದ್ದ ಬೇರೊಂದು ಜನಾಂಗದವೆಂದು ಭಾವಿಸಿದ. ಆಮೇಲೆ ಅಭಿಪ್ರಾಯ ಬದಲಿಸಿದ. ನಮ್ಮಲ್ಲಿ 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ತಲೆಯ ಉದ್ದ ಅಗಲಗಳ ಅನುಪಾತದಿಂದ ಇಡೀ ದೇಶದ ಜನರನ್ನು ಜನಾಂಗಗಳಾಗಿ ವಿಂಗಡಿಸಿದ. ಮರಾಠಿ ಬ್ರಾಹ್ಮಣರು ಮತ್ತು ಕುಣಬಿಗಳ ಜೊತೆ ನಮ್ಮ ಕೊಡವರನ್ನೂ ‘ಸಿಥಿಯನ್-ದ್ರಾವಿಡ’ ಎಂಬ ಪಂಗಡಕ್ಕೆ ಹಾಕಿದ, ತಲೆ ಅಗಲವಾಗಿರುವುದಕ್ಕೆ ಮಧ್ಯ ಏಷ್ಯಾದ ಸಿಥಿಯನ್ನರನ್ನು ಪೂರ್ವಜರಾಗಿ ತಂದ. ಕೂಸು ಯಾವ ಮಗ್ಗುಲಲ್ಲಿ, ಎಂಥ ಹಾಸಿಗೆಯಲ್ಲಿ ಮಲಗುತ್ತಿತ್ತು ಎಂಬುದೇ ಈ ಅನುಪಾತವನ್ನು ಬದಲಿಸಬಲ್ಲದು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋಯಾಸ್ ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳನ್ನು ಅಳೆದು, ಒಂದೇ ತಲೆಮಾರಿನಲ್ಲಿ ತಲೆಯ ಆಕಾರ ಬದಲಾಗುವುದನ್ನು 1912ರ ಹೊತ್ತಿಗೆ ತೋರಿಸಿದ. ರಿಸ್ಲಿಯ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿದದ್ದು ನಮ್ಮ ದುರದೃಷ್ಟ.

ಇಂದಿನ ತೊಟ್ಟಿಲು

ಶಿಶುಗಳು ನಿದ್ದೆಯಲ್ಲಿ ಹಠಾತ್ತನೆ ಸಾಯುವುದನ್ನು ತಡೆಯಲು ಅವರನ್ನು ಬೋರಲು ಮಲಗಿಸಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಸಲಹೆಯಿತ್ತಿತು. ಅಂಥ ಸಾವುಗಳು ಅಲ್ಲಿ ಅರ್ಧದಷ್ಟು ಇಳಿದವು. ಜೊತೆಗೆ ಅಂಗಾತ ಮಲಗುವ ಶಿಶುಗಳ ಹಿಂತಲೆ ಚಪ್ಪಟೆಯಾಗುವ ದೂರು ಏರಿತು, ತಲೆ ತಿದ್ದುವ ಹೆಲ್ಮೆಟ್ಟಿನ ಬಳಕೆಯೂ ಹೆಚ್ಚಿತು. ಈಗ ಅದು ದೆಹಲಿ ಸುತ್ತಲ ನಗರಗಳಿಗೂ ಬಂದಿದೆ. ನೆದರ್ಲೆಂಡ್ಸಿನಲ್ಲಿ 84 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷ ತುಂಬುವಾಗ ಹೆಲ್ಮೆಟ್ ತೊಟ್ಟವರಲ್ಲಿ ಶೇ. 26, ತೊಡದವರಲ್ಲಿ ಶೇ. 23 ಮಕ್ಕಳ ತಲೆ ಪೂರ್ತಿ ಸರಿಹೋಗಿತ್ತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ದುಬಾರಿ ಹೆಲ್ಮೆಟ್ ಅಗತ್ಯವಿಲ್ಲ ಎಂಬುದೇ ಆ ಸಂಶೋಧಕರ ಅಭಿಪ್ರಾಯವೂ ಆಗಿತ್ತು.

ದಿಂಬಿನ ವಿಷಯ ಇನ್ನೂ ಗಂಭೀರ. ಮಗುವಿನ ತಲೆ ದುಂಡಗೆ ಮಾಡುವ ದಿಂಬುಗಳನ್ನು ಬಳಸಬಾರದು, ಉಸಿರುಗಟ್ಟುವ ಅಪಾಯವಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ನವೆಂಬರಿನಲ್ಲಿ ಎಚ್ಚರಿಸಿತು. ಹಳೆಯ ಮನೆಗಳಲ್ಲಿ ಸಾಸಿವೆ ದಿಂಬಿನ ಪಕ್ಕದಲ್ಲಿ ಸದಾ ಒಬ್ಬರ ಕಣ್ಣಿರುತ್ತಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಮಗು ಒಂದೇ ಮಲಗುವ ಮನೆಯಲ್ಲಿ ಆ ಕಾವಲಿಲ್ಲ. ಹೆರಿಗೆಯ ದಾರಿಯಲ್ಲಿ ಒತ್ತಿ ನೀಳವಾದ ತಲೆ ಕೆಲವೇ ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಚಪ್ಪಟೆಯಾದ ಹಿಂತಲೆಯೂ ಮಗು ಕೂತು ಎದ್ದು ಓಡಾಡಲು ಶುರುಮಾಡಿದ ಮೇಲೆ ಬಹುಪಾಲು ಸುಧಾರಿಸುತ್ತದೆ. ಮಲಗಿಸುವಾಗ ದಿನಕ್ಕೊಂದು ಕಡೆ ತಲೆ ತಿರುಗಿಸುವುದು, ಎಚ್ಚರವಿದ್ದಾಗ ಕಣ್ಣೆದುರೇ ಬೋರಲು ಹಾಕಿ ಆಡಿಸುವುದು, ಎತ್ತಿಕೊಳ್ಳುವುದು, ಇಷ್ಟು ಸಾಕು. ಅಜ್ಜಿಯ ಎಣ್ಣೆಗೈ ಹಗುರವಾಗಿದ್ದರೆ ಅದರಿಂದ ಕೇಡಿಲ್ಲ. ಎಳೆನೆತ್ತಿಯ ಮೇಲೆ ಮಾತ್ರ ಒತ್ತಬಾರದು. ಕತ್ತು ಒಂದೇ ಕಡೆ ವಾಲಿದ್ದರೆ, ಹೊಲಿಗೆಗೆರೆಯ ಮೇಲೆ ಏಣು ಕೈಗೆ ಸಿಕ್ಕರೆ, ನೆತ್ತಿ ಬೇಗನೆ ಮುಚ್ಚಿಕೊಂಡರೆ ಅದು ದಿಂಬಿನಿಂದ ಸರಿಹೋಗುವಂಥದ್ದಲ್ಲ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸುಮಾರು 2000ದಿಂದ 2500 ಜನನಗಳಲ್ಲಿ ಒಂದು ಮಗುವಿಗೆ ಹೊಲಿಗೆಗಳು ಅವಧಿಗೆ ಮುಂಚೆ ಬೆಸೆದುಕೊಳ್ಳುವ ತೊಂದರೆ ಇರುತ್ತದೆ. ಅದಕ್ಕೆ ಮೊದಲ ವರ್ಷದೊಳಗಿನ ಶಸ್ತ್ರಕ್ರಿಯೆ ಒಳ್ಳೆಯ ಫಲ ಕೊಡುತ್ತದೆ.

ಆಂಡೀಸಿನ ಕಣ್ಣುಗುಳಿಯಲ್ಲಿ ಕಂಡ ರಕ್ತಹೀನತೆ ಇಂದು ನಮ್ಮ ಮಕ್ಕಳಲ್ಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಹರಿಯಾಣದಲ್ಲಿ ಶೇ. 70.4, ಕರ್ನಾಟಕದಲ್ಲಿ ಶೇ. 65.5 ಮಂದಿ ರಕ್ತಹೀನರು. ತಲೆ ದುಂಡಗಿದೆಯೇ ಎಂದು ಮುಂಡನದ ದಿನ ನೋಡುವ ನಾವು ಕೆಳರೆಪ್ಪೆ ಎಳೆದು ಬಿಳಿಚಿದೆಯೇ ಎಂದು ನೋಡುವುದಿಲ್ಲ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಆರು ತಿಂಗಳು ತುಂಬಿದ ಪ್ರತಿ ಮಗುವಿಗೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ವಾರಕ್ಕೆರಡು ಸಲ, ಒಂದೊಂದು ಮಿಲಿಲೀಟರಿನಂತೆ, ಉಚಿತವಾಗಿ ಸಿಗುತ್ತದೆ. ಮಗುವಿಗೆ ಆರು ತಿಂಗಳಾಗಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ ಆ ಬಾಟಲಿಯನ್ನು ಮನೆಗೆ ತನ್ನಿ.